ಹನ್ನೆರಡು ಅಂಕಿ, ಮೂರು ತೂಬು

"ಒಳಗೆ ಯಾವ ದೇವ್ರದೆ ಸ್ವಾಮಿ, ಮೆಟ್ಟು ಬಿಡಿಸ್ತಾವ್ರೆ?"

ಹೀಗೆ ಕೇಳಿದ ನರಸಯ್ಯ ಬಾಗಿಲಲ್ಲೇ ನಿಂತುಬಿಟ್ಟ. ಬಿದಿರೆಕಟ್ಟೆ ಕೆರೆಯ ಪಡುವಲ ತೂಬನ್ನು ತೆಗೆದು ಮುಚ್ಚುವ ನೀರಗಂಟಿ ಅವನು, ಅರವತ್ತರ ಮೇಲಾಗಿತ್ತು, ತುಮಕೂರಿಗೆ ಎಷ್ಟೋ ಸಲ ಬಂದಿದ್ದರೂ ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ದೇವರಲ್ಲಪ್ಪ, ಕಂಪ್ಯೂಟರು. ಧೂಳು ಬಿದ್ದರೆ ಕೆಡುತ್ತಂತೆ," ಎಂದರು ಸೀತಾರಾಮಯ್ಯ.

"ಕೆಟ್ರೆ ಸುಮ್ಕಾಯ್ತದೋ, ಇಲ್ಲಾ ಸುಳ್ಳು ಹೇಳ್ತದೋ?"

ಕೋಣೆಯಲ್ಲಿ ಯಾರೂ ನಗಲಿಲ್ಲ. ಮೇಜಿನ ಮೇಲೆ ಆ ಯಂತ್ರವೇ ಅಚ್ಚು ಹಾಕಿಕೊಟ್ಟ ಒಂದು ಹಾಳೆ ಇತ್ತು. ಆ ಹಾಳೆಯ ಬಲದಿಂದಲೇ ಮೂಡಲ ತೂಬಿನ ಬೆಟ್ಟಯ್ಯನನ್ನು ಶನಿವಾರ ಗುಬ್ಬಿಯ ಠಾಣೆಗೆ ಒಯ್ದಿದ್ದರು. ಇಂದು ಸೋಮವಾರ. ಹಾಳೆಗೆ ಕಾಲೇಜಿನ ಸಹಿ ಬಿದ್ದು ಮೂರೂಕಾಲರ ಬಸ್ಸಿನಲ್ಲಿ ಗುಬ್ಬಿಗೆ ಹೋದರೆ, ನಾಳೆ ಬೆಟ್ಟಯ್ಯ ಕೊಲೆಗಾರನಾಗಿ ನ್ಯಾಯಾಲಯದ ಮುಂದೆ ನಿಲ್ಲಬೇಕಾಗಿತ್ತು.

೧೯೮೪ರ ನವೆಂಬರು. ಗೋಡೆಯ ಗಡಿಯಾರದಲ್ಲಿ ಎರಡೂವರೆ.

ಸಹಿ ಹಾಕಬೇಕಾದವಳು ಕೌಸಲ್ಯ, ಆ ಕೋಣೆಯ ಉಸ್ತುವಾರಿಯ ಉಪಾಧ್ಯಾಯಿನಿ. ಸಹಿಗಾಗಿ ಕಾದು ಕುಳಿತಿದ್ದವರು, ತಮ್ಮ ಲೆಕ್ಕವನ್ನು ಇಲ್ಲಿಗೆ ತಂದು ಅಚ್ಚು ಹಾಕಿಸಿದ್ದ, ಕೆರೆಗಳ ಲೆಕ್ಕ ನೋಡುವ ಕಚೇರಿಯ ಗುಮಾಸ್ತ ವೆಂಕಟೇಶಯ್ಯ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದವಳು ಬೆಟ್ಟಯ್ಯನ ಸೊಸೆ ರೇವಮ್ಮ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸೀತಾರಾಮಯ್ಯನವರ ಮನೆಯನ್ನು ಹುಡುಕಿಕೊಂಡು ಬಂದು "ನಮ್ ಮಾವನ್ನ ಉಳಿಸ್ಕೊಡಿ" ಎಂದು ಕೈಮುಗಿದವಳು ಅವಳೇ.

ಸೀತಾರಾಮಯ್ಯ ಪೊಲೀಸರಲ್ಲ. ಮೂವತ್ತೊಂದು ವರ್ಷ ರೈಲಿನ ಅಂಚೆ ಬೋಗಿಯಲ್ಲಿ ನಿಂತು ಕಾಗದ ವಿಂಗಡಿಸಿದವರು. ಯಾವ ಕಾಗದ ಯಾವ ಗೂಡಿಗೆ ಸೇರಬೇಕಾದದ್ದು, ಯಾವ ಗೂಡಿಗೆ ತಪ್ಪಿ ಬಿದ್ದಿದೆ ಎಂಬುದನ್ನು ನೋಡುವ ಕಣ್ಣು ಅವರದು. ನಿವೃತ್ತಿಯ ನಂತರ ಮೂರು ನಾಲ್ಕು ಗೋಜಲುಗಳನ್ನು ಬಿಡಿಸಿಕೊಟ್ಟಿದ್ದರಿಂದ ಜನ ಅವರನ್ನು ಪತ್ತೇದಾರರೆಂದೇ ಕರೆಯುತ್ತಿದ್ದರು.

ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಎಡಗಡೆ ವಾರಗಳು, ತಲೆಯ ಮೇಲೆ ತೂಬುಗಳು.

ಸೋಮವಾರ: ಮೂಡಲ ೪, ನಡು ೪, ಪಡುವಲ ೩.
ಮಂಗಳವಾರ: ಮೂಡಲ ೦, ನಡು ೩, ಪಡುವಲ ೨.
ಬುಧವಾರ: ಮೂಡಲ ೨, ನಡು ೫, ಪಡುವಲ ೨.
ಗುರುವಾರ: ಮೂಡಲ ೬, ನಡು ೦, ಪಡುವಲ ೦.

ಅಂಕಿಗಳೆಲ್ಲ ಬೆರಳಿನ ಲೆಕ್ಕ. ತೂಬಿನ ಸರಳು ಕಲ್ಲಿನಿಂದ ಎಷ್ಟು ಬೆರಳು ಮೇಲೆದ್ದರೆ ಅಷ್ಟು ನೀರು. ಸೊನ್ನೆ ಎಂದರೆ ಮುಚ್ಚಿದೆ ಎಂದು. ಮೂರು ತೂಬುಗಳ ಕಾಲುವೆಗಳೂ ಕೆಳಗೆ ಒಂದೇ ಕಡೆ ಕೂಡುತ್ತವೆ. ಗುರುವಾರ ಆ ಕೂಡುಗಾಲುವೆಯ ಹೂಳು ತೆಗೆಯುವ ದಿನವಾದ್ದರಿಂದ ಮೂರನ್ನೂ ಮುಚ್ಚಬೇಕೆಂದು ಆಜ್ಞೆಯಾಗಿತ್ತು. ಮಧ್ಯಾಹ್ನ ಸಿದ್ದಯ್ಯ ಎಂಬಾತ ಗುದ್ದಲಿ ಹಿಡಿದು ಕಾಲುವೆಗೆ ಇಳಿದ. ಯಾರೋ ನೀರು ಬಿಟ್ಟರು. ನಾಲ್ಕು ಬೆರಳು ಮೀರಿ ಬಿಟ್ಟ ನೀರಿಗೆ ಅಲ್ಲಿ ಆಳು ನಿಲ್ಲಲಾರ. ಜನ ಏರಿಯ ಮೇಲಕ್ಕೆ ಓಡಿ ಬರುವಷ್ಟರಲ್ಲಿ ಮೂರೂ ತೂಬುಗಳು ಮುಚ್ಚಿದ್ದವು. ಸಿದ್ದಯ್ಯನ ಹೆಣ ಅರ್ಧ ಮೈಲಿ ಕೆಳಗೆ ಸಿಕ್ಕಿತು.

"ಇದರಲ್ಲಿ ನೋಡೋಕೇನಿದೆ ಸಾರ್?" ವೆಂಕಟೇಶಯ್ಯ ಕೈಗಡಿಯಾರ ತಿರುಗಿಸಿಕೊಂಡರು. "ಗುರುವಾರ, ಮೂಡಲ ತೂಬು, ಆರು ಬೆರಳು. ಕಂಪ್ಯೂಟರೇ ಹೇಳ್ತಾ ಇದೆ. ಆ ಬೆಟ್ಟಯ್ಯನೂ ಅಲ್ಲ ಅಂತ ಒಂದ್ ಮಾತು ಅಂದಿಲ್ಲ. ಮೂರು ದಿನದಿಂದ ಬಾಯೇ ಬಿಟ್ಟಿಲ್ಲ."

"ಊಟಾನೂ ಬಿಟ್ಟವ್ರೆ," ಎಂದಳು ರೇವಮ್ಮ.

ಸೀತಾರಾಮಯ್ಯ ಜೇಬಿನಿಂದ ಚೀಟಿಗಳ ಒಂದು ಕಟ್ಟು ತೆಗೆದು, ಒಂದೊಂದರ ಮೇಲೂ ಒಂದೊಂದು ಅಂಕಿ ಬರೆದು, ಹಾಳೆಯಲ್ಲಿದ್ದಂತೆಯೇ ಮೇಜಿನ ಮೇಲೆ ಜೋಡಿಸಿದರು. ಮೂರರಂತೆ ನಾಲ್ಕು ಸಾಲು.

"ನರಸಯ್ಯ, ನಿನ್ನ ತೂಬು ಮಂಗಳವಾರ ಎರಡು ಬೆರಳು ತೆಗೆದಿತ್ತಂತೆ. ಹೌದೇನಪ್ಪ?"

"ಎರಡಾ?" ಮುದುಕನಿಗೆ ಸಿಟ್ಟು ನೆತ್ತಿಗೇರಿತು. "ಮಂಗ್ಳಾರ ನಂದು ಆರು! ಎರಡು ಬೆರಳು ನೀರ್ನಾಗೆ ನಮ್ ಬಯಲು ನೆನೀತದಾ? ಯಾವನಂದೋನು?"

"ಈ ಹಾಳೆ ಅಂತು."

"ಹಾಳೆ ಏರಿ ಮೇಲೆ ಬಂದಿತ್ತಾ?"

ಕೌಸಲ್ಯ ತಲೆ ಎತ್ತಿದಳು. ಅದುವರೆಗೆ ಅವಳು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕುಳಿತಿದ್ದಳು.

"ಹಾಗಾದ್ರೆ ಬುಧವಾರ ನಡು ತೂಬು ಎಷ್ಟಿತ್ತು, ಹೇಳು," ಎಂದರು ಸೀತಾರಾಮಯ್ಯ.

ನರಸಯ್ಯ ಕಣ್ಣು ಮುಚ್ಚಿದ. ಬಲಗೈಯನ್ನು ಮುಂದಕ್ಕೆ ಚಾಚಿ, ಕಾಣದ ಕಲ್ಲೊಂದರ ಮೇಲೆ ಇಟ್ಟವನಂತೆ ಗಾಳಿಯಲ್ಲಿ ನಿಲ್ಲಿಸಿದ. ತುಟಿಗಳು ಅಲುಗಾಡತೊಡಗಿದವು.

"ಬುಧವಾರದ್ದು ಮಾತ್ರ ಹೇಳಪ್ಪ."

"ಅಂಗೆ ಬರಾಕಿಲ್ಲ ಸ್ವಾಮಿ. ಮದ್ಲಿಂದ ಬರಬೇಕು."

"ಸರಿ, ಮೊದಲಿಂದಲೇ ಒಪ್ಪಿಸು."

ಮುಂದೆ ಈ ಕಥೆಯನ್ನು ಹೇಳಿದವರು ಎಷ್ಟೇ ಜನರಿದ್ದರೂ ಒಪ್ಪಿಸುವ ರಾಗದಲ್ಲಿ ಮಾತ್ರ ಅವರಲ್ಲಿ ಭೇದವಿಲ್ಲ. ಕೇಳಿ ಬರೆದುಕೊಂಡದ್ದು ಹೀಗಿದೆ:

"ಮೂಡಲ ತೂಬಮ್ಮ, ನಾಕು, ನಾಕು, ಮೂರು, ಮುಚ್ಚು. ನಡು ತೂಬಮ್ಮ, ಮೂರು, ಎರಡು, ಎರಡು, ಐದು. ಪಡುವಲ ತೂಬಮ್ಮ, ಎರಡು, ಆರು, ಮುಚ್ಚು, ಮುಚ್ಚು."

ನಡುವಿನ ಸಾಲಿನ ಮೂರನೆಯ ಅಂಕಿಗೆ ಬಂದಾಗ ಅವನ ಹೆಬ್ಬೆರಳು ಅಲುಗಿತು. ಪೂರ್ತಿ ಮುಗಿಸಿದ ಮೇಲೆಯೇ ಕಣ್ಣು ತೆರೆದ. "ಎರಡು. ಬುಧವಾರ ನಡು ತೂಬು ಎರಡು."

ಕೆರೆಯಡಿಯ ಆ ಊರುಗಳಲ್ಲಿ ಒಂದು ಕಟ್ಟಳೆ ಇತ್ತು. ನೀರಗಂಟಿಯಾದವನು ತನ್ನ ತೂಬುಗಲ್ಲಿನ ಮೇಲೆ ಕೈಯಿಟ್ಟು ಲೆಕ್ಕ ಒಪ್ಪಿಸಬೇಕು. ಕೈ ಕಲ್ಲಿನ ಮೇಲಿರುವಷ್ಟು ಹೊತ್ತು ಸುಳ್ಳು ಆಡಬಾರದು. ಒಂದು ತೂಬಿನ ಲೆಕ್ಕ ಮುಗಿಯುವ ತನಕ ಇನ್ನೊಂದರ ಹೆಸರು ಎತ್ತಬಾರದು. ಮೂವರ ಲೆಕ್ಕವನ್ನೂ ಒಬ್ಬ ಕೇಳಿಕೊಂಡು ಹಾಗೆಯೇ ಕಚೇರಿಗೆ ಮುಟ್ಟಿಸಬಹುದು, ಆದರೆ ಒಪ್ಪಿಸಿ ಆದ ಮೇಲೆ ಒಬ್ಬನ ಲೆಕ್ಕವನ್ನು ಇನ್ನೊಬ್ಬ ಆಡಿಕೊಳ್ಳಬಾರದು. ವಾರದ ದಿನಗಳು ಅವರ ಬಾಯಿಯಲ್ಲಿ ಒಂದರ ಕೆಳಗೊಂದು ಇಳಿಯುತ್ತಿದ್ದವು, ಬಾವಿಯ ಮೆಟ್ಟಿಲಿನ ಹಾಗೆ. ಪಕ್ಕಕ್ಕೆ ಹೊರಳುವ ದಾರಿಯೇ ಅಲ್ಲಿರಲಿಲ್ಲ.

ಸೀತಾರಾಮಯ್ಯ ಗುಮಾಸ್ತರ ಕಡೆ ತಿರುಗಿದರು. "ವೆಂಕಟೇಶಯ್ಯನವರೇ, ಶುಕ್ರವಾರ ನಿಟ್ಟೂರು ಅಂಚೆ ಕಚೇರಿಯಿಂದ ಈ ಲೆಕ್ಕವನ್ನ ನಿಮಗೆ ಫೋನಿನಲ್ಲಿ ಹೇಳಿದ್ದು ಈ ನರಸಯ್ಯನೇ ತಾನೆ?"

"ಇವನೇ. ಹನ್ನೆರಡು ಅಂಕಿ ಹೇಳ್ದ. ಹನ್ನೆರಡನ್ನೂ ಬರ್ಕೊಂಡೆ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ."

"ಈಗ ಒಪ್ಪಿಸಿದ ಹಾಗೇ ಹೇಳಿದನೆ?"

"ಎಲ್ಲಿ ಬಿಟ್ರು ಸ್ವಾಮಿ!" ನರಸಯ್ಯ ನಡುವೆ ಬಾಯಿ ಹಾಕಿದ. "ಮೂಡಲ ತೂಬಮ್ಮ ಅಂತ ಸುರು ಮಾಡ್ದೆ. ಈವಯ್ಯ ಫೋನ್ನಾಗೇ ಅರಚ್ದ. ಅಮ್ಮ ಗಿಮ್ಮ ಎಲ್ಲ ಬುಡಯ್ಯ, ಅಂಕಿ ಹೇಳು ಅಂದ. ಬುಟ್ಟೆ. ಬರೇ ಅಂಕಿ ಹೇಳ್ದೆ."

ವೆಂಕಟೇಶಯ್ಯನವರ ಮುಖ ಕೆಂಪಾಯಿತು. "ಟ್ರಂಕ್ ಕಾಲು ಸಾರ್! ಮೂರು ನಿಮಿಷ. ಲೈನಿನಲ್ಲಿ ಬರೀ ಗೊರಗೊರ. ಇವನು ನೋಡಿದ್ರೆ ಪೂಜೆ ಮಾಡೋ ಹಾಗೆ ರಾಗ ಎಳೀತಾನೆ."

"ಮೊದಲನೇ ಅಂಕಿ ಯಾವುದರದು, ಎರಡನೇದು ಯಾವುದರದು ಅಂತ ಕೇಳಿದ್ರಾ?"

"ಕೇಳೋದೇನು? ನಮ್ಮ ಫಾರಂ ಇದೆಯಲ್ಲ. ಒಂದು ದಿನಕ್ಕೆ ಒಂದು ಸಾಲು, ಸಾಲಿಗೆ ಮೂರು ತೂಬು. ಇಪ್ಪತ್ತು ವರ್ಷದಿಂದ ಹಾಗೇ ತುಂಬ್ತಾ ಇದೀನಿ."

"ನಿಮ್ಮ ಫಾರಂ ನರಸಯ್ಯನಿಗೆ ಗೊತ್ತಿತ್ತೆ?"

ವೆಂಕಟೇಶಯ್ಯ ಹಾಳೆಯ ತಲೆಯ ಮೇಲಿದ್ದ ತೂಬುಗಳ ಹೆಸರನ್ನು ಮತ್ತೊಮ್ಮೆ ಓದಿಕೊಂಡರು.

"ಅಲ್ಲ ಸ್ವಾಮಿ," ನರಸಯ್ಯ ಮೇಜಿನ ಬಳಿಗೆ ಬಂದ. "ನಾ ಹೇಳಿದ್ದನ್ನೇ ಬರ್ದವ್ರೆ ಅಂದ್ಕಂಡಿದ್ದೆ. ಬೆಟ್ಟಯ್ಯ ಹಿರೀಕ, ಮೂರು ತೂಬ್ಗೂ ಅವನೇ ಜವಾಬ್ದಾರಿ, ಅದ್ಕೆ ಹಿಡ್ಕಂಡ್ ಹೋದ್ರು ಅಂದ್ಕಂಡೆ. ಬೆಟ್ಟಯ್ಯನ ತಲೆ ಮೇಲೆ ಆರು ಬೆರಳು ಕೂರಿಸವ್ರಾ? ಅದು ನನ್ನಾರು! ಮಂಗ್ಳಾರದ್ದು!"

ಸೀತಾರಾಮಯ್ಯ ಹನ್ನೆರಡು ಚೀಟಿಗಳನ್ನೂ ಮೊದಲಿನ ಅನುಕ್ರಮ ಕೆಡದಂತೆ ಒಂದರ ಮೇಲೊಂದು ಒಟ್ಟಿದರು. ಮೇಲಿನಿಂದ ಒಂದೊಂದೇ ತೆಗೆದು, ಈ ಬಾರಿ ಅಡ್ಡಡ್ಡಲಾಗಿ ಅಲ್ಲ, ಉದ್ದಕ್ಕೆ ಇಳಿಸುತ್ತ ಹೋದರು. ನಾಲ್ಕು ಚೀಟಿ ಇಳಿದಾಗ ಒಂದು ಕಂಬ ಮುಗಿಯಿತು. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು.

"ನಮ್ಮ ಅಂಚೆ ಬೋಗಿಗೆ ಒಮ್ಮೆ ಬದಲಿ ನೌಕರ ಬಂದಿದ್ದ. ಗೂಡುಗಳನ್ನ ಮೇಲಿಂದ ಕೆಳಕ್ಕೆ ತುಂಬಬೇಕಾದಲ್ಲಿ ಎಡದಿಂದ ಬಲಕ್ಕೆ ತುಂಬಿದ. ಒಂದು ಕಾಗದವೂ ಕಳೆದುಹೋಗಲಿಲ್ಲ. ಆದರೆ ಗುಬ್ಬಿಯ ಮದುವೆ ಕರೆಯೋಲೆಗಳೆಲ್ಲ ಅರಸೀಕೆರೆಗೆ ಹೋದವು," ಎಂದು ಕೊನೆಯ ಚೀಟಿಯನ್ನು ಇಟ್ಟರು.

ಕೌಸಲ್ಯ ಎದ್ದು ಬಂದಳು. ಎರಡು ಕೈಯನ್ನೂ ಮೇಜಿಗೆ ಊರಿ ಚೀಟಿಗಳನ್ನು ನೋಡಿದಳು.

"ತಪ್ಪು ನನ್ನದೂ ಇದೆ ಸಾರ್," ಎಂದಳು. "ಯಂತ್ರದ ಒಳಗೆ ಸಾಲೂ ಇಲ್ಲ, ಕಂಬವೂ ಇಲ್ಲ. ಹನ್ನೆರಡು ಅಂಕಿ ಒಂದರ ಹಿಂದೊಂದು ಸರಪಳಿ ಹಾಗೆ ಕೂತಿರುತ್ತೆ, ಅಷ್ಟೇ. ಎಲ್ಲಿ ಮಡಚಬೇಕು ಅಂತ ನಾವು ಹೇಳ್ತೀವಿ. ಇವರು ಫಾರಂ ಕೊಟ್ರು. ಮೂರು ಅಂಕಿಗೊಂದು ಸಾಲು ಮಡಚು ಅಂತ ನಾನು ಬರೆದೆ."

"ತಪ್ಪಾಗಿದ್ರೆ ಕಂಪ್ಯೂಟರ್ ಹೇಳ್ತಿರಲಿಲ್ವೇನಮ್ಮಾ?" ವೆಂಕಟೇಶಯ್ಯನವರು ಬೇಡಿಕೊಳ್ಳುವಂತೆ ಕೇಳಿದರು.

"ಹನ್ನೊಂದೇ ಅಂಕಿ ಇದ್ದಿದ್ರೆ ಹೇಳ್ತಿತ್ತು ಸಾರ್, ಒಂದು ಕಮ್ಮಿ ಇದೆ ಅಂತ. ಇಲ್ಲಿ ನಾಲ್ಕು ಮೂರಲಿ ಹನ್ನೆರಡು, ಮೂರು ನಾಲ್ಕಲಿ ಹನ್ನೆರಡು. ಹೇಗೆ ಮಡಚಿದ್ರೂ ತುದಿ ಕೂಡುತ್ತೆ. ಅದಕ್ಕೆ ತಕರಾರೇ ಇಲ್ಲ. ತೂಬು ಅಂದ್ರೆ ಏನು, ಗುರುವಾರ ಅಂದ್ರೆ ಏನು, ಅದಕ್ಕೆ ಗೊತ್ತಾ?"

ಅವಳು ಯಂತ್ರದ ಮುಂದೆ ಕುಳಿತಳು. ಪರದೆಯ ಮೇಲೆ ಹಸಿರು ಅಕ್ಷರಗಳು ಎದ್ದವು. ಮೊದಲು ಬರೆದಿದ್ದರಲ್ಲಿ ದಿನಗಳ ಸುತ್ತು ಹೊರಗೆ, ತೂಬುಗಳ ಸುತ್ತು ಒಳಗೆ ಇತ್ತು: ಒಂದು ದಿನವನ್ನು ಹಿಡಿದುಕೊಂಡು ಮೂರು ತೂಬುಗಳನ್ನೂ ಸುತ್ತಿ ಬರುವುದು. ಈಗ ಎರಡರ ಸ್ಥಾನವನ್ನು ಅದಲುಬದಲು ಮಾಡಿದಳು: ಒಂದು ತೂಬನ್ನು ಹಿಡಿದುಕೊಂಡು ನಾಲ್ಕು ದಿನಗಳನ್ನೂ ಇಳಿದು ಬರುವುದು. ಒಂದು ಅಂಕಿಯನ್ನೂ ಅವಳು ಮುಟ್ಟಲಿಲ್ಲ.

ಅಚ್ಚಿನ ಯಂತ್ರ ಕಿರುಗುಟ್ಟಿತು. ಅಂಚಿನಲ್ಲಿ ತೂತುಗಳಿದ್ದ ಹಾಳೆ ಮೆಲ್ಲಗೆ ಹೊರಬಂತು. ಸೀತಾರಾಮಯ್ಯ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು.

"ಗುರುವಾರ: ಮೂಡಲ ಸೊನ್ನೆ. ನಡು ಐದು. ಪಡುವಲ ಸೊನ್ನೆ."

"ಮಾವನ್ದು ಸೊನ್ನೆ," ಎಂದಳು ರೇವಮ್ಮ. ಮೊದಲ ಸಲ ಅವಳು ಗೋಡೆ ಬಿಟ್ಟು ಮುಂದೆ ಬಂದಿದ್ದಳು. "ಇನ್ ಬಿಡ್ತಾರಲ್ವಾ ಸ್ವಾಮಿ?"

"ಬಿಡಲೇಬೇಕು."

"ನಡು ತೂಬು ಚಿಕ್ಕಬೀರಯ್ಯಂದು," ಎಂದರು ವೆಂಕಟೇಶಯ್ಯ, ಒಂದು ಹೊರೆಯನ್ನು ಇಳಿಸಿ ಇನ್ನೊಂದನ್ನು ಎತ್ತಿಕೊಳ್ಳುವವರಂತೆ. "ಆದ್ರೆ ಅವನಿರಲಿಲ್ಲ ಸಾರ್. ಬುಧವಾರ ಸಂಜೆಯೇ ಕುಣಿಗಲ್‌ಗೆ ಮಗಳ ಮನೆಗೆ ಹೋಗಿದ್ದ. ರಜೆ ಚೀಟಿ ನನ್ ಹತ್ರಾನೇ ಇದೆ. ಅವನ ಬದಲಿಗೆ ಯಾರು ನೋಡ್ಕೊಂಡ್ರೋ ಅವರನ್ನ ಹಿಡೀಬೇಕು."

ನರಸಯ್ಯ ನೆಲ ನೋಡಿದ. ಅವನು ನೆಲ ನೋಡಿದ್ದನ್ನು ಸೀತಾರಾಮಯ್ಯ ನೋಡಿದರು.

"ಯಾರಪ್ಪ ನರಸಯ್ಯ?"

"ನನ್ನ ಕೇಳ್ಬ್ಯಾಡಿ ಸ್ವಾಮಿ. ಇನ್ನೊಂದು ತೂಬಿನ ಮಾತು ನಾನಾಡಂಗಿಲ್ಲ."

"ನಾನೇ," ಎಂದಳು ರೇವಮ್ಮ.

ಕೌಸಲ್ಯ ಕುರ್ಚಿಯಲ್ಲೇ ತಿರುಗಿದಳು.

"ಹೆಣ್ಣಾಳು ತೂಬಿನ ಸರಳು ಮುಟ್ಟಂಗಿಲ್ಲ ಅಂತಾರೆ ನಮ್ಕಡೆ. ಚಿಕ್ಕಬೀರಯ್ಯ ಹೋಗ್ತಾ ಎರಡು ಕೀಲೀಲಿ ಒಂದ್ನ ನಮ್ ಮನೇಲಿ ಕೊಟ್ಟು ಹೋದ. ಬೇಸ್ತಾರ ಬೆಳಿಗ್ಗೆ ದನ ನಡು ಕಾಲ್ವೆ ತಾವ ನಿಂತ್ಕಂಡು ಅರಚ್ತಿದ್ವು. ಮಾವಂಗೆ ಮಂಡಿ ನೋವು, ಹೊದ್ಕಂಡು ಮಲ್ಗಿದ್ರು. ನಾನೇ ಹೋಗಿ ತೆಗ್ದೆ. ದನ ಕುಡ್ದ ಮೇಲೆ ನಾನೇ ಮುಚ್ದೆ. ಬಿಸ್ಲು ಇನ್ನೂ ಏರಿರಲಿಲ್ಲ. ಸಿದ್ದಣ್ಣ ಕಾಲ್ವೆಗೆ ಇಳ್ದಿದ್ದು ಮಧ್ಯಾಹ್ನ." ಒಮ್ಮೆ ಉಸಿರು ತೆಗೆದುಕೊಂಡಳು. "ಮುಚ್ಚಿ ಇಳ್ದು ಬರೋವಾಗ ಮಾವ ಏರಿ ಮೇಲೆ ನಿಂತಿದ್ರು. ಏನೂ ಅನ್ಲಿಲ್ಲ."

ಬೆಟ್ಟಯ್ಯ ಮೂರು ದಿನ ಬಾಯಿ ಬಿಡದೆ ಕುಳಿತದ್ದೇಕೆ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಬಾಯಿ ಬಿಟ್ಟರೆ ಆತ ಹೇಳಬೇಕಾದ ಹೆಸರು ಅದೊಂದೇ.

ವೆಂಕಟೇಶಯ್ಯ ಹೊಸ ಹಾಳೆಯನ್ನು ಕೈಗೆತ್ತಿಕೊಂಡಿದ್ದವರು ಅದನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟುಬಿಟ್ಟರು. "ತಾಯೀ, ಇದನ್ನ ನಾನು ತಗೊಂಡು ಹೋದ್ರೆ ಸಾಯಂಕಾಲಕ್ಕೆ ಜೀಪು ನಿಮ್ಮ ಮನೆ ಮುಂದೆ ನಿಲ್ಲುತ್ತೆ."

"ನಿಲ್ಲಲಿ. ಮಾವ ಹೊರಗೆ ಬರ್ತಾರಲ್ಲ." ಅವಳು ಹಾಳೆಯನ್ನೆತ್ತಿ ಕೌಸಲ್ಯಳ ಮುಂದೆ ಇಟ್ಟಳು. "ಸೈನ್ ಆಕ್ರವ್ವ."

"ನಿಲ್ಲಮ್ಮ," ಎಂದರು ಸೀತಾರಾಮಯ್ಯ. "ಎಷ್ಟು ಬೆರಳು ತೆಗೆದೆ?"

"ಎರಡು."

"ಸರಿಯಾಗಿ ನೆನಪು ಮಾಡ್ಕೋ."

"ನೆನಪ್ಯಾಕೆ ಸ್ವಾಮಿ? ನಂಗೆ ಅದ್ಕಿಂತ ಮೇಲೆ ಎತ್ತಕ್ಕಾಗಾಕಿಲ್ಲ. ಆ ಸರಳು ತುಕ್ಕಿಡ್ದದೆ. ಎರಡು ಬೆರಳು ಎತ್ತೋ ಹೊತ್ಗೇ ಅಂಗೈ ಬೊಬ್ಬೆ ಎದ್ದಿತ್ತು." ಅಂಗೈ ಬಿಚ್ಚಿ ತೋರಿಸಿದಳು. ಬೊಬ್ಬೆ ಒಡೆದು, ನಾಲ್ಕು ದಿನದ ಕಪ್ಪು ಚರ್ಮ ಕಟ್ಟಿತ್ತು.

ಎರಡು ಬೆರಳು ನೀರಿಗೆ ಕಾಲುವೆಯಲ್ಲಿ ಕರುವೂ ಕದಲುವುದಿಲ್ಲ. ಅದೂ ಬೆಳಗಿನ ಹೊತ್ತು. ಹಾಗಾದರೆ ಮಧ್ಯಾಹ್ನ ಆ ಸರಳನ್ನು ಐದು ಬೆರಳಿಗೆ ಎತ್ತಿದ ಕೈ ಬೇರೆಯದೇ ಆಗಿರಬೇಕು.

"ನರಸಯ್ಯ, ಇದು ಇನ್ನೊಂದು ತೂಬಿನ ಲೆಕ್ಕವಲ್ಲ, ಆಳಿನ ಮಾತು. ಶುಕ್ರವಾರ ನಡು ತೂಬಿನ ಕಲ್ಲಿನ ಮೇಲೆ ಕೈಯಿಟ್ಟು ಒಪ್ಪಿಸಿದವರು ಯಾರು?"

ನರಸಯ್ಯ ಕಟ್ಟಳೆಯನ್ನು ತೂಗಿ ನೋಡುತ್ತಿದ್ದನೆಂದು ತೋರುತ್ತದೆ.

"ಚಿಕ್ಕಬೀರಯ್ಯನೇ. ಮದ್ಲನೇ ಬಸ್ಸಿಗೆ ಬಂದ. ಕೈನಾಗೆ ಚೀಲ ಇತ್ತು. ಮನೆಗೂ ಹೋಗ್ನಿಲ್ಲ. ಸೀದಾ ಏರಿಗೆ ಬಂದು ಕಲ್ಲು ಮುಟ್ಟಿ ಒಪ್ಪಿಸ್ದ."

"ಬೇಸ್ತವಾರದ್ದನ್ನೂ?"

"ಬೇಸ್ತಾರದ್ದನ್ನೂ. ಐದು ಅಂದ. ಅನ್ನೋವಾಗ ದನಿ ನಡುಗ್ತು. ಸತ್ತೋನ ದುಃಖ ಅಂದ್ಕಂಡೆ."

"ರೇವಮ್ಮ, ನೀನು ತೂಬು ತೆಗೆದದ್ದನ್ನ ಅವನಿಗೆ ಹೇಳಿದ್ದೆಯಾ?"

"ಯಾರ್ಗೂ ಹೇಳಿಲ್ಲ. ಇವತ್ತೇ ಬಾಯಿ ಬಿಟ್ಟಿದ್ದು."

ಕಲ್ಲು ಮುಟ್ಟಿ ಸುಳ್ಳಾಡಲಾರದ ಮನುಷ್ಯ ಐದು ಎಂದಿದ್ದಾನೆ. ಊರಲ್ಲೇ ಇರದವನಿಗೆ, ಯಾರೂ ಹೇಳದೆ, ಆ ಐದು ತಿಳಿದದ್ದು ಹೇಗೆ? ಗುರುವಾರವೆಲ್ಲ ತಾನು ಕುಣಿಗಲ್‌ನಲ್ಲಿದ್ದೆ ಎಂದು ಅವನು ಹೇಳಿದ್ದು ಮಾತ್ರ ಕಲ್ಲು ಮುಟ್ಟಿ ಅಲ್ಲ, ರಜೆ ಚೀಟಿಯ ಮೇಲೆ.

"ಸಾರ್, ಮೂರಾಯ್ತು," ಎಂದರು ವೆಂಕಟೇಶಯ್ಯ. ಈ ಬಾರಿ ಅವರ ದನಿಯಲ್ಲಿ ಅವಸರವಿರಲಿಲ್ಲ, ಅಳುಕಿತ್ತು. "ಯಾವುದನ್ನ ತಗೊಂಡು ಹೋಗ್ಲಿ?"

ಹಳೆಯ ಹಾಳೆ ಹೋದರೆ ಬೆಟ್ಟಯ್ಯ. ಹೊಸದು ಹೋದರೆ ರೇವಮ್ಮ. ಸರಿಯಾಗಿ ಜೋಡಿಸಿದ ಹನ್ನೆರಡು ಅಂಕಿಗಳೂ ಮೂರನೆಯ ಹೆಸರನ್ನು ಹೇಳುವಂತಿರಲಿಲ್ಲ.

"ಅದನ್ನೇ ಕೊಡಿ," ಎಂದು ರೇವಮ್ಮ ಹೊಸ ಹಾಳೆಯನ್ನು ತೋರಿಸಿದಳು. ಕೌಸಲ್ಯ ಪೆನ್ನು ಹಿಡಿದು ಸೀತಾರಾಮಯ್ಯನವರ ಮುಖ ನೋಡಿದಳು. ಅವರು ನೋಡುತ್ತಿದ್ದುದು ರೇವಮ್ಮನನ್ನು.

"ತುಮಕೂರಿನಲ್ಲಿ ನಿನಗೆ ಪರಿಚಯದವರು ಯಾರೂ ಇಲ್ಲ ಅಂದಿದ್ದೆ ತಾಯಿ. ಶೆಟ್ಟಿಹಳ್ಳಿಯಲ್ಲಿ ನನ್ನ ಮನೆ ಇದೆ ಅಂತ ನಿನಗೆ ಹೇಳಿದವರು ಯಾರು?"

ರೇವಮ್ಮ ಸೆರಗಿನಂಚನ್ನು ಬಾಯಿಗೆ ತಂದುಕೊಂಡಳು. ಉತ್ತರ ಅವಳಿಗೆ ತಿಳಿದಿತ್ತು. ಆ ಉತ್ತರದ ಅರ್ಥ ಮಾತ್ರ ಆಗಷ್ಟೇ ತಿಳಿಯತೊಡಗಿತ್ತು.

"ಚಿಕ್ಕಬೀರಯ್ಯ," ಎಂದಳು. "ಬಸ್ ಹತ್ತಿಸಿದ್ದೂ ಅವ್ನೇ. ಅವರ ತಾವ ಹೋಗು, ಅವರು ಲೆಕ್ಕಾನ ತಿರುಗ್ಸಿ ನೋಡ್ತಾರೆ, ಮಾಡ್ದೋನ ಪಾಲು ಮಾಡ್ದೋನಿಗೇ ಬರ್ತದೆ ಅಂದ."